ಉಣ್ಣಿ ಜರಕ್ಕ ಟೆಟ್ರಾಸೈಕ್ಲಿನ್ ಸೂಜಿ: ಯಾವಾಗ ನಡೀತದ, ಯಾವಾಗ ನಡಿಯಂಗಿಲ್ಲ

ಮಳಿ ಶುರುವಾತಂದ್ರ ಕಲಬುರಗಿ, ಬೀದರ್, ಯಾದಗಿರಿ ಕಡಿ ದನ ಕಟ್ಟಿದವರಿಗೆ ಎರಡು ತ್ರಾಸು ಜೋಡಿಲೇ ಬರ್ತಾವ, ಮೈತುಂಬ ಉಣ್ಣಿ, ಅದರ ಬೆನ್ನಿಗೇ ಜರ. ಎರಡಕ್ಕೂ ಒಂದೇ ಬಾಟ್ಲಿ ಅಂತ ಭಾಳ ಮಂದಿ ತಿಳ್ಕೊಂಡಾರ, ಮೆಡಿಕಲ್‌ಗೆ ಹೋಗಿ ಆಕ್ಸಿಟೆಟ್ರಾಸೈಕ್ಲಿನ್ (ಟೆಟ್ರಾಸೈಕ್ಲಿನ್ ಜಾತಿ ಆ್ಯಂಟಿಬಯೋಟಿಕ್) ತರೋದು, ಊರಾಗ ಸೂಜಿ ಹಾಕೋರು ಯಾರರ ಇದ್ರ ಕರ್ಸಿ ಹಾಕಿಸಿಬಿಡೋದು. ಒಂದಷ್ಟು ದನ ಆರಾಮ ಆಗ್ತಾವ, ಅದಕ್ಕೇ ಆ ನಂಬಿಕಿ ಇನ್ನಾ ಗಟ್ಟಿ ಅದ. ಆರಾಮ ಆಗಲಾರದ್ದು ಕಣ್ಣಮುಂದೇ ಬಿದ್ದು ಸತ್ತಾಗ "ಸೂಜಿ ತಡ ಆತು" ಅಂತೀವಿ. ತಡ ಅಲ್ರಿ, ಸೂಜಿನೇ ಬ್ಯಾರೆ ಬೇಕಾಗಿತ್ತು.

ಉಣ್ಣಿ ಅಂದ್ರ ಎಂಟು ಕಾಲಿನ ಹುಳ, ಜೇಡ-ಚೇಳಿನ ಬಳಗದ್ದು. ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾಕ್ಕ ಇರೋದು, ಡಬ್ಬಿಗಟ್ಲೆ ಕೊಟ್ರೂ ಒಂದು ಉಣ್ಣಿ ಸಾಯಂಗಿಲ್ಲ. ಇನ್ನ ಉಣ್ಣಿಯಿಂದ ದನಕ್ಕ ಬರೋ ಜರದಾಗ ಮುಖ್ಯ ಮೂರು: ಥೈಲೇರಿಯಾ, ಬಬೇಸಿಯಾ, ಅನಾಪ್ಲಾಸ್ಮಾ. ಮೊದಲಿನ ಎರಡೂ ಮಲೇರಿಯಾ ಥರದ ಏಕಕೋಶ ಜೀವಿಗಳು, ಮೂರನೇದೊಂದೇ ಬ್ಯಾಕ್ಟೀರಿಯಾ. ಟೆಟ್ರಾಸೈಕ್ಲಿನ್ ನೆಟ್ಟಗ ಕೆಲಸ ಮಾಡೋದು ಆ ಮೂರನೇದಕ್ಕ. ಹಂಗಾಗಿ ಸೂಜಿ ಆಮ್ಯಾಲ, ಯಾವ ಜರ ಅನ್ನೋದು ಮೊದ್ಲ.

ಖರ್ಚಿಲ್ಲದ ತಪಾಸಣಿ, ಎಲ್ಲಕ್ಕಿಂತ ಮೊದ್ಲ

ಒಂದು ಥರ್ಮಾಮೀಟರ್ ತಗೊಂಡಿಡ್ರಿ, ದನಕ್ಕ ಅಂತಲೇ ಬ್ಯಾರೆ. ಗುದದಾಗ ಇಟ್ಟು ನೋಡಬೇಕು, ಕಿವಿ ಮುಟ್ಟಿ "ಬಿಸಿ ಅದ" ಅನ್ನೋದು ಲೆಕ್ಕಕ್ಕ ಬರಂಗಿಲ್ಲ. ಆಕಳಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ನಮ್ಮ ಬಿಸಿಲಾಗ ಮಧ್ಯಾಹ್ನ ನೋಡಿದ್ರ ಆರಾಮ ಇದ್ದ ಹೈಬ್ರಿಡ್ ಆಕಳೂ ತೇಕ್ಕೋತ 103 ತೋರಿಸ್ತದ, ಅದಕ್ಕ ಬೆಳಿಗ್ಗೆ ಬಿಸಿಲೇರೋದ್ರಾಗ ನೋಡ್ರಿ. ನಸಿಕಿನ್ಯಾಗೂ 104 ಮ್ಯಾಲ ಅದ ಅಂದ್ರ ಅದು ಬಿಸಿಲಿನ ಕಾವಲ್ಲ, ಜರ.

ಆಮ್ಯಾಲ ಉಚ್ಚಿ. ಬಿಳಿ ಪ್ಲಾಸ್ಟಿಕ್ ಮಗ್ ಇಲ್ಲಾ ಗಾಜಿನ ಗ್ಲಾಸಿನ್ಯಾಗ ಹಿಡೀರಿ, ನೆಲದ ಮ್ಯಾಲ ಬಿದ್ದಿದ್ದು ನೋಡಿ ಬಣ್ಣ ಹೇಳಬ್ಯಾಡ್ರಿ, ಶಹಾಬಾದ್ ಕಲ್ಲಿನ ಮ್ಯಾಲ ಎಲ್ಲಾ ಉಚ್ಚಿನೂ ಕಪ್ಪಗೇ ಕಾಣ್ತದ.

ಕೆಳಗಿನ ರೆಪ್ಪಿ ಎಳದು ಒಳಗಿನ ಬಣ್ಣ, ತುಟಿ ಎತ್ತಿ ವಸಡಿನ ಬಣ್ಣ ನೋಡ್ರಿ. ಗುಲಾಬಿ ಇದ್ರ ಸರಿ, ಬೆಳ್ಳಗಿದ್ರ ರಕ್ತ ಕಡಿಮಿ ಆಗ್ಯಾದ, ಹಳದಿ ಇದ್ರ ರಕ್ತ ಒಡಿಲಿಕತ್ತದ. ವಸಡು ಹುಟ್ಟಾ ಕಪ್ಪಿದ್ದ ದನಕ್ಕ ಯೋನಿ ಒಳಗಿನ ಬಣ್ಣ ನೋಡಬೇಕಾಗ್ತದ.

ಕಡೀಗೆ ಹೆಗಲ ಮುಂದ, ಕುತ್ತಿಗಿ ಕೂಡೋ ಜಾಗಾದಾಗ ಎರಡೂ ಕಡಿ ಕೈಯಾಡಿಸ್ರಿ. ಅಲ್ಲೊಂದು ಗಂಟು ಇರ್ತದ, ಆರಾಮ ಇದ್ದಾಗ ಒತ್ತಿ ಹುಡುಕಿದ್ರ ಸಿಗ್ತದ, ಉಬ್ಬಿದ್ರ ದೂರದಿಂದಲೇ ಕಾಣ್ತದ. ಹಿಂಗ ನಾಲ್ಕು ನೋಡಾಕ ಹತ್ತು ನಿಮಿಷ ಸಾಕು, ಡಾಕ್ಟರ್‌ಗೆ ಫೋನ್ ಮಾಡಿದಾಗ "ಮೇವು ಬಿಟ್ಟದ" ಅನ್ನೋದಕ್ಕಿಂತ ಈ ನಾಲ್ಕು ಮಾತು ಹೇಳಿದ್ರ ಅವರು ಬ್ಯಾಗಿನ್ಯಾಗ ಸರಿಯಾದ ಔಷಧ ಹಾಕ್ಕೊಂಡೇ ಬರ್ತಾರ.

ಉಣ್ಣಿ ಅದಾವ, ಆದ್ರ ಜರ ಇಲ್ಲ, ಮೇವು ತಿಂತದ

ಇದಕ್ಕ ಆ್ಯಂಟಿಬಯೋಟಿಕ್ ಬೇಕಾಗಿಲ್ಲ, "ಮುಂಜಾಗ್ರತಿಗೆ ಒಂದು ಇರ್ಲಿ" ಅನ್ನೋದೂ ಬ್ಯಾಡ. ಮುಂದ ಖರೇ ಬೇಕಾದಾಗ ಅದು ಕೆಲಸ ಮಾಡದಂಗ ಆಗ್ತದ, ಹಾಲಿನ್ಯಾಗೂ ಇಳೀತದ.

ಐದು-ಹತ್ತು ಉಣ್ಣಿ ಇದ್ರ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಚಿಮಟಿಗಿಲೆ ಚರ್ಮದ ಹತ್ತರ ಹಿಡದು ನೆಟ್ಟಗ ಎಳೀರಿ, ಸ್ಪಿರಿಟ್ ಇಲ್ಲಾ ಸೋಪಿನ ನೀರಿನ ಡಬ್ಬಿಗೆ ಹಾಕ್ರಿ. ಉಗುರಿಲೆ ಕುಟುಕ್ ಅಂತ ಒಡಿಯೋ ಚಟ ಬಿಡ್ರಿ, ಅದರ ಹೊಟ್ಯಾಗಿನ ರಕ್ತ ನಿಮ್ಮ ಕೈಗಾಯಕ್ಕ ಹತ್ತೋದು ಒಳ್ಳೇದಲ್ಲ. ಸೀಮೆಎಣ್ಣಿ, ಗಾಡಿಯ ಸುಟ್ಟ ಆಯಿಲ್ ಹಚ್ಚಿದ್ರ ಚರ್ಮ ಸುಡ್ತದ, ದನ ನೆಕ್ಕಿದ್ರ ಹೊಟ್ಟಿಗೂ ಹೋಗ್ತದ.

ಮೈತುಂಬ ಇದ್ರ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ಅಮಿಟ್ರಾಜ್ ಇಂಥಾ ದನಕ್ಕಂತಲೇ ಬರೋ ಔಷಧ. ಮಿಲಿಗೆ 12.5 ಮಿಲಿಗ್ರಾಂ ಶಕ್ತಿಯ ಡೆಲ್ಟಾಮೆಥ್ರಿನ್‌ಗೆ ಉಣ್ಣಿಗೆ ಸಾಮಾನ್ಯ ಪ್ರಮಾಣ ಲೀಟರ್ ನೀರಿಗೆ 2 ಮಿಲಿ, ಆದ್ರ ಕಂಪನಿ ಬದಲಾದ್ರ ಶಕ್ತಿನೂ ಬದಲಾಗ್ತದ, ಲೇಬಲ್ ಓದ್ರಿ. ಬೆನ್ನಿಗಷ್ಟೇ ಹೊಡದ್ರ ಉಪಯೋಗಿಲ್ಲ, ಉಣ್ಣಿ ಇರೋದು ಕಿವಿ ಒಳಗ, ಬಾಲದ ಬುಡಕ್ಕ, ತೊಡಿ ಸಂದ್ಯಾಗ, ಕೆಚ್ಚಲ ಸುತ್ತ, ಗಂಗೆದೊಗಲಿನ ಮಡಿಕ್ಯಾಗ. ಹೊಡಿಯೋಕಿಂತ ಮೊದ್ಲ ಹೊಟ್ಟಿ ತುಂಬ ನೀರು ಕುಡಿಸ್ರಿ, ಮೈ ಒಣಗೋತನ ನೆಕ್ಕದಂಗ ನೋಡ್ಕೊಳ್ರಿ, ಬಿಸಿಲಾಗ ಬ್ಯಾಡ. ಉಳಿದ ನೀರು ಬಾವಿ, ಕೆರಿ ಕಡಿ ಚೆಲ್ಲಬಾರದು, ಈ ಮೆಥ್ರಿನ್ ಜಾತಿ ಔಷಧ ಮೀನಿಗೆ ವಿಷ. ಐವರ್‌ಮೆಕ್ಟಿನ್ ಸೂಜಿನೂ ಉಣ್ಣಿಗೆ ನಡೀತದ, ಆದ್ರ ಹಾಲು ಹಿಂಡೋ ಆಕಳಿಗೆ ಅಲ್ಲ.

ಜರ 105ರ ಸುತ್ತಮುತ್ತ, ಹೆಗಲ ಮುಂದಿನ ಗಂಟು ಉಬ್ಬ್ಯಾದ

ಥೈಲೇರಿಯಾ ಅಂತ ಮೊದ್ಲ ಸಂಶಯ ಪಡ್ರಿ, ಅದರಾಗೂ ಎಚ್‌ಎಫ್, ಜರ್ಸಿ ಮಿಶ್ರತಳಿ ಇದ್ರ. ನಮ್ಮ ಬೀದರ್ ಕಡಿಯ ದೇವಣಿ ಅಂಥ ದೇಸಿ ದನ ಇದನ್ನ ಎಷ್ಟೋ ತಡ್ಕೋತಾವ, ಮಿಶ್ರತಳಿ ತಡ್ಕೊಳ್ಳಂಗಿಲ್ಲ. ಸಾಲ ಮಾಡಿ ಸಂತಿಯಿಂದ ತಂದ ಆಕಳು ಮೊದಲನೇ ಮಳಿಗಾಲದಾಗೇ ಬೀಳೋದು ಹಿಂಗೇ. ಗಂಟಿನ ಜೊತಿಗೆ ಕಣ್ಣಿನ್ಯಾಗ ನೀರು, ಕೆಮ್ಮು, ಹಾಲು ಒಮ್ಮೆಲೆ ಇಳಿಯೋದು, ಆಮ್ಯಾಲ ಆಮ್ಯಾಲ ವಸಡು ಬೆಳ್ಳಗಾಗೋದು. ಕರುಗಳಿಗೆ ಕಣ್ಣುಗುಡ್ಡಿ ಮುಂದ ಬಂದಂಗ ಆಗ್ತದ ಕೆಲವೊಮ್ಮೆ.

ಇಲ್ಲಿ ಟೆಟ್ರಾಸೈಕ್ಲಿನ್ ಒಂದನ್ನೇ ನಂಬಿದ್ರ ಟೈಮ್ ಹೋಗ್ತದ. ಇದಕ್ಕಿರೋದು ಬುಪಾರ್ವಾಕ್ವೋನ್, ಕೆಜಿಗೆ 2.5 ಮಿಲಿಗ್ರಾಂ ಲೆಕ್ಕದಾಗ, ಅಂದ್ರ ಸಿಗೋ ಬಾಟ್ಲಿದಾಗ 20 ಕೆಜಿಗೆ 1 ಮಿಲಿ, ಕುತ್ತಿಗಿ ಸ್ನಾಯುವಿನ್ಯಾಗ ಆಳಕ್ಕ. ತುಟ್ಟಿ ಔಷಧ, ಅದಕ್ಕೇ "ಅರ್ಧ ಹಾಕ್ರಿ ನೋಡೋಣ" ಅನ್ನೋ ಮಾತು ಬರ್ತದ. 300 ಕೆಜಿ ಆಕಳಿಗೆ 15 ಮಿಲಿ ಬೇಕು, 7 ಮಿಲಿ ಹಾಕಿ ಉಳಿಸಿದ ರೊಕ್ಕ ಆಕಳ ಜೊತಿಗೇ ಹೋಗ್ತದ. ತೂಕ ಕಣ್ಣಳತಿಲೆ ಹೇಳಬ್ಯಾಡ್ರಿ, ಎದಿ ಸುತ್ತಳತಿ ಟೇಪ್ ಹಿಡದು ಡಾಕ್ಟರ್ ಲೆಕ್ಕ ಹಾಕ್ತಾರ. ಈ ಔಷಧ ಬೇಗ ಕೊಟ್ಟಷ್ಟೂ ಚಲೋ, ರಕ್ತ ಪೂರ್ತಿ ಇಳದ ಮ್ಯಾಲ ಕೊಟ್ರ ರೋಗಾಣು ಸಾಯ್ತಾವ ಖರೆ, ದನ ಉಳಿಯೋ ಗ್ಯಾರಂಟಿ ಇರಂಗಿಲ್ಲ, ಆವಾಗ ಇನ್ನೊಂದು ದನದ ರಕ್ತ ಏರಿಸೋ ತನಕ ಹೋಗ್ತದ.

ಮಿಶ್ರತಳಿ ದನಗಳಿಗೆ ಥೈಲೇರಿಯಾ ಲಸಿಕಿ ಬಂದದ. ಹೊಸದಾಗಿ ಆಕಳು ತರೋರು ಮಳಿಗಾಲಕ್ಕಿಂತ ಮೊದ್ಲೇ ಡಾಕ್ಟರ್ ಹತ್ತರ ಕೇಳ್ರಿ, ಜರ ಬಂದ ಮ್ಯಾಲ ಕೇಳಿ ಉಪಯೋಗಿಲ್ಲ.

ಉಚ್ಚಿ ಕೆಂಪು, ಇಲ್ಲಾ ಕಾಫಿ ಬಣ್ಣ

ಗ್ಲಾಸಿನ್ಯಾಗ ಹಿಡದಿದ್ದನ್ನ ಒಂದು ತಾಸು ಅಲುಗಾಡಿಸದೆ ಬಿಡ್ರಿ. ಕೆಂಪು ತಳಕ್ಕ ಕೂತು ಮ್ಯಾಲಿಂದು ತಿಳಿ ಆದ್ರ ಮೂತ್ರಚೀಲ ಇಲ್ಲಾ ಮೂತ್ರಪಿಂಡದ ಕಡಿಯಿಂದ ರಕ್ತ ಬರ್ಲಿಕತ್ತದ, ಅದರ ದಾರಿನೇ ಬ್ಯಾರೆ. ತಳ-ಮ್ಯಾಲ ಎಲ್ಲಾ ಒಂದೇ ಕಾಫಿ ಬಣ್ಣ ಇದ್ರ ರಕ್ತದ ಕಣ ಒಳಗೇ ಒಡದು ಸೋರಲಿಕತ್ತಾವ.

ಈಗ ಥರ್ಮಾಮೀಟರ್ ಕೇಳ್ರಿ. ಕಾಫಿ ಬಣ್ಣ, ಜೊತಿಗೆ ಜೋರು ಜರ, ಮೈಮ್ಯಾಲ ಉಣ್ಣಿ ಅಂದ್ರ ಬಬೇಸಿಯಾ. ಇದಕ್ಕ ಡಿಮಿನಾಜಿನ್ ಅನ್ನೋ ಹಳದಿ ಪುಡಿ, ನೀರಾಗ ಕಲಸಿ ಸ್ನಾಯುವಿಗೆ ಹಾಕ್ತಾರ, ಇಲ್ಲಾ ಇಮಿಡೋಕಾರ್ಬ್. ಆ್ಯಂಟಿಬಯೋಟಿಕ್ ಇಲ್ಲಿ ಮುಖ್ಯ ಔಷಧ ಅಲ್ಲ. ಡಿಮಿನಾಜಿನ್ ಪ್ರಮಾಣ ಮೀರಿದ್ರ ನರಕ್ಕ ಹೊಡೀತದ, ನಾಯಿಗಂತೂ ಭಾಳ ಕಡಿಮಿ ಅಂತರದಾಗೇ ವಿಷ ಆಗ್ತದ, ಅದಕ್ಕ ದನಕ್ಕ ತಂದು ಉಳಿದದ್ದು ನಾಯಿಗೆ ಅನ್ನೋ ಲೆಕ್ಕ ಬ್ಯಾಡ.

ಕಾಫಿ ಬಣ್ಣ ಅದ, ಆದ್ರ ಜರ ಇಲ್ಲ, ಎಮ್ಮಿ ಈದು ಕೆಲವೇ ವಾರ ಆಗ್ಯಾವ, ಹಾಲು ಜಾಸ್ತಿ ಕೊಡೋ ಎಮ್ಮಿ? ಆವಾಗ ಉಣ್ಣಿ ಮ್ಯಾಲ ತಪ್ಪು ಹಾಕಬ್ಯಾಡ್ರಿ. ಅದು ರಂಜಕ (ಫಾಸ್ಫರಸ್) ಕಡಿಮಿಯಾಗಿ ಬರೋದು ಇರ್ತದ, ರಂಜಕದ ಸೂಜಿಯಿಂದ ಸರಿ ಹೋಗ್ತದ. ಹಂಗಾಗಿ ಇಂಥಾ ಎಮ್ಮಿಗೆ ಮಂದಿ ಟೆಟ್ರಾಸೈಕ್ಲಿನ್ ಹಾಕಿಸಿ ದಿನ ಕಳಿಯೋದು ನೋಡಿದ್ರ ಸಿಟ್ಟು ಬರ್ತದ, ಯಾಕಂದ್ರ ಒಂದು ಥರ್ಮಾಮೀಟರ್ ಇಟ್ಟಿದ್ರ ಮುಗೀತಿತ್ತು.

ಕಾಫಿ ಬಣ್ಣ ಯಾವ ಕಾರಣಕ್ಕ ಬಂದ್ರೂ ಅವತ್ತೇ ಡಾಕ್ಟರ್ ನೋಡಬೇಕು. ನಾಳೆ ನೋಡೋಣ ಅನ್ನೋ ರೋಗ ಅಲ್ಲ.

ವಸಡು ಬೆಳ್ಳಗ ಇಲ್ಲಾ ಹಳದಿ, ಉಚ್ಚಿ ಕೆಂಪಿಲ್ಲ, ಹೆಂಡಿ ಗಟ್ಟಿ

ಇದು ಅನಾಪ್ಲಾಸ್ಮಾದ ಗುರುತು, ಮತ್ತ ಟೆಟ್ರಾಸೈಕ್ಲಿನ್‌ನ ಸ್ವಂತ ಜಾಗಾ ಇದೇ. ಇಲ್ಲೂ ರಕ್ತದ ಕಣ ನಾಶ ಆಗ್ತಾವ, ಆದ್ರ ನಾಳದಾಗ ಒಡಿಯೋದಿಲ್ಲ, ಗುಲ್ಮದ ಕಡಿ ಹೋಗಿ ಕರಗ್ತಾವ, ಅದಕ್ಕೇ ಉಚ್ಚಿ ಕೆಂಪಾಗಂಗಿಲ್ಲ. ಕರುಗಳಿಗೆ ಹಗುರ ಬಂದು ಹೋಗ್ತದ, ವಯಸ್ಸಾದ ದನಕ್ಕ ಜೋರು. ಉಣ್ಣಿ ಅಷ್ಟೇ ಅಲ್ಲ, ಕಚ್ಚೋ ನೊಣದಿಂದ, ಒಂದೇ ಸೂಜಿ ಹತ್ತು ದನಕ್ಕ ಬಳಸೋದ್ರಿಂದನೂ ಹರಡ್ತದ. ಊರಾಗ ಸೂಜಿ ಹಾಕೋರಿಗೆ ಪ್ರತಿ ದನಕ್ಕ ಹೊಸ ಸೂಜಿ ನೀವೇ ತಂದುಕೊಡ್ರಿ.

ಔಷಧ ಸರಿ ಇದ್ರೂ ಕೊಡೋದ್ರಾಗ ಕೆಡ್ತದ. ಆಕ್ಸಿಟೆಟ್ರಾಸೈಕ್ಲಿನ್ ಅಂಗಡ್ಯಾಗ ಎರಡು ಥರ ಸಿಗ್ತದ, ಮಿಲಿಗೆ 50 ಮಿಲಿಗ್ರಾಂನ ಸಾದಾ, ಮಿಲಿಗೆ 200 ಮಿಲಿಗ್ರಾಂನ ಲಾಂಗ್ ಆ್ಯಕ್ಟಿಂಗ್. ಎರಡಕ್ಕೂ ಹೆಸರು ಒಂದೇ, ಶಕ್ತಿ ನಾಲ್ಕು ಪಟ್ಟು ಫರಕ. ಲಾಂಗ್ ಆ್ಯಕ್ಟಿಂಗ್ ಕೆಜಿಗೆ 20 ಮಿಲಿಗ್ರಾಂ, 300 ಕೆಜಿಗೆ 30 ಮಿಲಿ, ಅಷ್ಟನ್ನೂ ಒಂದೇ ಕಡಿ ಚುಚ್ಚಬಾರದು, ಒಂದು ಜಾಗಾಕ್ಕ 10 ಮಿಲಿ ಮೀರದಂಗ ಹಂಚಿ ಆಳಕ್ಕ ಹಾಕಬೇಕು, ಇಲ್ಲಂದ್ರ ಅಲ್ಲೇ ಬಾವು. ಸಾದಾದ್ದನ್ನ ರಕ್ತನಾಳಕ್ಕ ಕೊಡೋದಿದ್ರ ಅದು ಡಾಕ್ಟರ್ ಕೆಲಸ, ಜೋರಾಗಿ ಒತ್ತಿದ್ರ ದನ ನಿಂತಲ್ಲೇ ಕುಸೀತದ. ಪೆನಿಸಿಲಿನ್, ಸೆಫಲೋಸ್ಪೋರಿನ್ ಜಾತಿ ಸೂಜಿ ಅನಾಪ್ಲಾಸ್ಮಾಕ್ಕ ಹತ್ತಂಗಿಲ್ಲ, ತುಟ್ಟಿ ಅಂದ್ಕೂಡ್ಲೆ ಸ್ಟ್ರಾಂಗ್ ಅಂತಲ್ಲ.

ವಸಡು ಬೆಳ್ಳಗಾದ ದನಾನ ನಡಿಸಿ ದವಾಖಾನಿಗೆ ಒಯ್ಯಬ್ಯಾಡ್ರಿ. ರಕ್ತ ಇಲ್ಲ ಅಂದ್ರ ಉಸಿರಿಲ್ಲ, ಊರ ಅಗಸಿ ದಾಟೋದ್ರಾಗ ಬೀಳ್ತದ. ನೆಳ್ಳಾಗ ಕಟ್ಟಿ, ನೀರು ಮುಂದಿಟ್ಟು, 1962ಕ್ಕ ಫೋನ್ ಮಾಡ್ರಿ, ಪಶು ಆಂಬುಲೆನ್ಸ್ ನಂಬರು ಅದು, ಮನಿಗೇ ಬರ್ತಾರ.

ಹಾಲಿನ ಮಾತೂ ಇಲ್ಲೇ ಹೇಳಿಬಿಡ್ತೀನಿ. ಸೂಜಿ ಹಾಕಿದ ಮ್ಯಾಲ ಲೇಬಲ್ ಮ್ಯಾಲ ಬರದಷ್ಟು ದಿನ ಹಾಲು ಡೇರಿಗೂ ಹಾಕಬಾರದು, ಮನ್ಯಾಗೂ ಬಳಸಬಾರದು, ಕಾಸಿದ್ರ ಹೋಗ್ತದ ಅಂತಾರ, ಪೂರ್ತಿ ಹೋಗಂಗಿಲ್ಲ.

ಟೆಟ್ರಾಸೈಕ್ಲಿನ್ ಹಾಕಿ ಎರಡು ದಿನ ಆತು, ಜರ ಇಳಿವಲ್ದು

ಮೂರನೇ ಡೋಸ್‌ಗೆ ಓಡಬ್ಯಾಡ್ರಿ, ಇಲ್ಲಿ ನಿಲ್ರಿ. ಇದಕ್ಕ ಕಾರಣ ಸಾಮಾನ್ಯವಾಗಿ ಮೂರು: ರೋಗ ಥೈಲೇರಿಯಾ ಇಲ್ಲಾ ಬಬೇಸಿಯಾ ಇರಬೇಕು, ಎರಡು ಕೂಡೇ ಬಂದಿರಬೇಕು (ಒಂದೇ ದನಕ್ಕ ಎರಡು ಬರೋದು ಅಪರೂಪ ಅಲ್ಲ), ಇಲ್ಲಾ ತೂಕಕ್ಕ ತಕ್ಕಷ್ಟು ಔಷಧ ಬಿದ್ದಿರಂಗಿಲ್ಲ. ಊಹಿಸಿ ಹೊಸ ಸೂಜಿ ಹಾಕೋದಕ್ಕಿಂತ ರಕ್ತ ತೋರಿಸೋದು ಅಗ್ಗ.

ಕಿವಿ ತುದಿಯಿಂದ ಒಂದು ಹನಿ ಗಾಜಿನ ಪಟ್ಟಿ ಮ್ಯಾಲ ಸವರಿ, ಜಿಮ್ಸಾ ಬಣ್ಣ ಹಾಕಿ ಸೂಕ್ಷ್ಮದರ್ಶಕದಾಗ ನೋಡ್ತಾರ, ಜೊತಿಗೆ ನೇರಳಿ ಮುಚ್ಚಳದ ಟ್ಯೂಬಿನ್ಯಾಗ ರಕ್ತ. ಗಂಟು ಉಬ್ಬಿದ್ರ ಅದರಾಗಿಂದ ಸೂಜಿಲೆ ತಗದ ನೀರಿನ್ಯಾಗ ಥೈಲೇರಿಯಾ ಇನ್ನಾ ಬೇಗ ಸಿಗ್ತದ. ರಕ್ತ ತಗಿಯೋದು ಔಷಧ ಹಾಕೋಕಿಂತ ಮೊದ್ಲ ಇದ್ರ ಚಲೋ, ಸೂಜಿ ಬಿದ್ದ ಮ್ಯಾಲ ರೋಗಾಣು ಕಡಿಮಿ ಕಾಣ್ತಾವ, "ನೆಗೆಟಿವ್" ಬಂದು ಎಲ್ಲರೂ ಗೊಂದಲ. ತಾಲೂಕು ಪಶು ಆಸ್ಪತ್ರ್ಯಾಗ ಆಗದಿದ್ರ ಬೀದರ್‌ನ ನಂದಿನಗರದಾಗ ಪಶುವೈದ್ಯಕೀಯ ವಿಶ್ವವಿದ್ಯಾಲಯ ಅದ, ಅಲ್ಲಿಯ ಕಾಲೇಜು ಆಸ್ಪತ್ರ್ಯಾಗ ತೋರಿಸಬಹುದು.

ಜರ ಇಳಿಸ್ಲಿಕ್ಕ ಡೈಕ್ಲೊಫೆನಾಕ್ ಕೇಳಬ್ಯಾಡ್ರಿ, ಸತ್ತ ದನ ತಿಂದ ರಣಹದ್ದು ಸಾಯ್ತಾವ ಅಂತ 2006ರಾಗ ದನಕ್ಕ ಬಳಸೋದು ಬಂದ್ ಮಾಡ್ಯಾರ. ಮೆಲಾಕ್ಸಿಕಾಮ್ ಅದ, ಡಾಕ್ಟರ್ ಬರಕೊಡ್ತಾರ.

ಉಣ್ಣಿ ಔಷಧ ಹೊಡದ ಮ್ಯಾಲ ಜೊಲ್ಲು, ನಡುಗು, ಬಿದ್ದು ಒದರ್ಯಾಡೋದು

ಇದು ಉಣ್ಣಿ ಜರ ಅಲ್ಲ, ವಿಷ. ನಮ್ಮ ಕಡಿ ತೊಗರಿ, ಹತ್ತಿಗೆ ಹೊಡದು ಉಳಿದ ಎಣ್ಣಿ (ಕೀಟನಾಶಕ) ಮನ್ಯಾಗ ಇದ್ದೇ ಇರ್ತದ, ಅದನ್ನೇ ದನಕ್ಕ ಹೊಡದ್ರ ಆತು ಅಂತ ಹೊಡೀತಾರ. ಬೆಳಿಗೆ ಹೊಡಿಯೋ ಆರ್ಗನೋಫಾಸ್ಫೇಟ್ ಚರ್ಮದಿಂದಲೇ ಒಳಗ ಹೋಗ್ತದ. ಜೊಲ್ಲು ಹರಿಯೋದು, ಕಣ್ಣಿನ ಪಾಪಿ ಸೂಜಿ ತುದಿಯಷ್ಟು ಸಣ್ಣಗಾಗೋದು, ಮೇಲಿಂದ ಮ್ಯಾಲ ಹೆಂಡಿ, ಉಸಿರು ಕಟ್ಟೋದು. ಕೂಡ್ಲೆ ಕೈಗವಸು ಹಾಕ್ಕೊಂಡು ಸೋಪಿನ ನೀರಿಲೆ ಮೈ ತೊಳೀರಿ, ಬಾಯಾಗ ಮಜ್ಜಿಗಿ, ಎಣ್ಣಿ, ಏನೂ ಹಾಕಬ್ಯಾಡ್ರಿ (ಶ್ವಾಸಕ್ಕ ಹೋಗ್ತದ), ಹೊಡದ ಬಾಟ್ಲಿ ಡಾಕ್ಟರ್‌ಗೆ ತೋರಿಸ್ರಿ. ಇದಕ್ಕ ಆ್ಯಟ್ರೋಪಿನ್ ಇರ್ತದ, ಎಷ್ಟು ಬೇಗ ಅಷ್ಟು ಚಲೋ. ಹೊಡದವರಿಗೇ ತಲಿ ತಿರುಗಿ ವಾಂತಿ ಬಂದ್ರ ಅವರನ್ನೂ ದವಾಖಾನಿಗೆ ಒಯ್ರಿ.

ಎಷ್ಟು ಹೊಡದ್ರೂ ಮತ್ತ ಉಣ್ಣಿ

ಔಷಧ ಡುಪ್ಲಿಕೇಟ್ ಅಂತ ಬೈಯೋಕಿಂತ ಮೊದ್ಲ ಗೋಡಿ ನೋಡ್ರಿ. ರಕ್ತ ಕುಡದು ಔಡಲ ಬೀಜದಂಗ ಊದಿದ ಹೆಣ್ಣು ಉಣ್ಣಿ ದನದ ಮೈಮ್ಯಾಲ ತತ್ತಿ ಇಡಂಗಿಲ್ಲ, ಕೆಳಗ ಬಿದ್ದು ಕಲ್ಲಿನ ಸಂದ್ಯಾಗ, ಗೋದಲಿ ಹಿಂದ, ತಿಪ್ಪಿ ಅಂಚಿಗೆ ಸೇರಿ ಸಾವಿರಗಟ್ಲೆ ಇಡ್ತದ. ನೀವು ಹೊಡದಿದ್ದು ದನದ ಮ್ಯಾಲ ಇದ್ದವಕ್ಕ ಮಾತ್ರ. ಮಣ್ಣು-ಕಲ್ಲಿನ ಹಳೆ ಕೊಟ್ಟಿಗಿ ಇದ್ರ ಸಂದಿಗೊಂದಿ ಸಿಮೆಂಟ್ ಇಲ್ಲಾ ಗಚ್ಚಿಲೆ ಮುಚ್ಚಿ ಸುಣ್ಣ ಬಳೀರಿ, ಔಷಧ ಗೋಡಿಗೂ ಹೊಡೀರಿ. ಬೆಂಕಿ ಬರೋ ಗನ್ನಿನಿಂದ ಸಂದಿ ಸುಡೋ ಪದ್ಧತಿನೂ ಅದ, ಚಲೋ ಕೆಲಸ ಮಾಡ್ತದ, ಆದ್ರ ಕಣಿಕಿ ಬಣವಿ, ತೊಗರಿ ಕಟ್ಟಿಗಿ ಹತ್ತರ ಇದ್ರ ಆ ಸಾಹಸ ಬ್ಯಾಡ. ದನದ ಮ್ಯಾಲ ಎರಡು-ಮೂರು ವಾರಕ್ಕ ಇನ್ನೊಮ್ಮೆ ಹೊಡೀಬೇಕು, ಮನ್ಯಾಗಿನ ಎಲ್ಲಾ ದನಕ್ಕೂ ಒಂದೇ ದಿನ, ನಾಯಿ ಇದ್ರ ನಾಯಿಗೂ ಅದರದ್ದೇ ಔಷಧ.

ಇಷ್ಟೆಲ್ಲಾ ಮಾಡಿ, ಅಳತಿ ಸರಿ ಹಾಕಿ, ಎರಡು ದಿನದ ಮ್ಯಾಲೂ ದನದ ಮೈಮ್ಯಾಲಿನ ಉಣ್ಣಿ ಜೀವಂತ ಓಡ್ಯಾಡ್ತಾವ ಅಂದ್ರ ಆ ಜಾತಿ ಔಷಧಕ್ಕ ಒಗ್ಗ್ಯಾವ. ಡೋಸ್ ಏರಿಸಬ್ಯಾಡ್ರಿ, ಡಾಕ್ಟರ್ ಕೇಳಿ ಔಷಧದ ಗುಂಪೇ ಬದಲಿ ಮಾಡ್ರಿ.

ನಾಯಿ ಮೂಗಿನ್ಯಾಗ ರಕ್ತ, ಊಟ ಬಿಟ್ಟದ

ಉಣ್ಣಿಯಿಂದ ನಾಯಿಗೆ ಬರೋ ಎರ್ಲಿಕಿಯಾ ಬ್ಯಾಕ್ಟೀರಿಯಾ, ಹಂಗಾಗಿ ಆ್ಯಂಟಿಬಯೋಟಿಕ್ ಇಲ್ಲಿ ಖರೇನೇ ಔಷಧ. ಡಾಕ್ಸಿಸೈಕ್ಲಿನ್, ಕೆಜಿಗೆ 10 ಮಿಲಿಗ್ರಾಂ ದಿನಕ್ಕ, 28 ದಿನ. ಮೂರು ದಿನಕ್ಕ ನಾಯಿ ಬಾಲ ಅಲ್ಲಾಡಿಸ್ತದ, ಮಾಲಕರು ಗುಳಿಗಿ ನಿಲ್ಲಿಸ್ತಾರ, ಕೆಲವು ವಾರಕ್ಕ ಮತ್ತ ಅದೇ ಕಥಿ. ಪೂರ್ತಿ ಕೊಡ್ರಿ. ಗುಳಿಗಿ ಊಟದ ಜೊತಿಗೆ, ಮ್ಯಾಲ ನೀರು, ಇಲ್ಲಂದ್ರ ಅನ್ನನಾಳದಾಗ ಅಂಟಿ ಹುಣ್ಣಾಗ್ತದ, ಹಾಲು-ಮಸರಿನ ಜೊತಿ ಬ್ಯಾಡ. ಮೂಗಿನ್ಯಾಗ ರಕ್ತ, ಹೊಟ್ಟಿ ಚರ್ಮದ ಮ್ಯಾಲ ಕೆಂಪು ಚುಕ್ಕಿ ಅಂದ್ರ ಪ್ಲೇಟ್‌ಲೆಟ್ ಇಳದಾವ, ಆವಾಗ ಮನ್ಯಾಗಿನ ಆಸ್ಪಿರಿನ್, ಐಬುಪ್ರೊಫೆನ್ ಕೊಟ್ರ ರಕ್ತ ನಿಲ್ಲಂಗಿಲ್ಲ. ನಾಯಿಗೂ ಬಬೇಸಿಯಾ ಬರ್ತದ, ಅದಕ್ಕ ಡಾಕ್ಸಿ ಒಂದೇ ಸಾಲಂಗಿಲ್ಲ, ರಕ್ತ ತಪಾಸಣಿ ಮಾಡಿಸಿಯೇ ಶುರು ಮಾಡ್ರಿ. ನಾಯಿಗೆ ಹಾಕೋ ಪರ್ಮೆಥ್ರಿನ್ ಹನಿ ಬೆಕ್ಕಿಗೆ ಹಾಕಿದ್ರ ಬೆಕ್ಕು ಸಾಯ್ತದ.

ಮನುಷ್ಯಾಗೇ ಕಚ್ಚ್ಯಾದ

ಕಚ್ಚಿದ್ದಷ್ಟೇ ಆಗಿದ್ರ ಚಿಮಟಿಗಿಲೆ ತಗದು, ಸೋಪಿಲೆ ತೊಳದು, ಕಚ್ಚಿದ ತಾರೀಖು ಬರದಿಡ್ರಿ. ಕಚ್ಚಿದ ಕೂಡ್ಲೆ ಒಂದು ಡಾಕ್ಸಿ ಗುಳಿಗಿ ನುಂಗಬೇಕು ಅಂತ ವಿಡಿಯೋ ನೋಡಿ ಕೇಳ್ತಾರ, ಅದು ಅಮೆರಿಕಾದಾಗ ಲೈಮ್ ರೋಗ ಇರೋ ಕಡಿಯ ಸಲಹಾ, ನಮ್ಮ ಊರಿನ ಉಣ್ಣಿಗೆ ಹೊಂದಂಗಿಲ್ಲ.

ಮುಂದಿನ ಎರಡು ವಾರದಾಗ ಜರ, ಜೋರು ತಲಿನೋವು, ಅಂಗೈ-ಅಂಗಾಲಿಗೂ ಬರೋ ಕೆಂಪು ದದ್ದು, ಇಲ್ಲಾ ಕಚ್ಚಿದಲ್ಲಿ ಸುಟ್ಟಂಗ ಕಪ್ಪು ಹಕ್ಕಳಿ ಕಂಡ್ರ ದವಾಖಾನಿಗೆ ಹೋಗಿ ಮೊದಲನೇ ಮಾತೇ "ಉಣ್ಣಿ ಕಚ್ಚಿತ್ತು, ಮನ್ಯಾಗ ದನ ಅದಾವ" ಅಂತ ಹೇಳ್ರಿ. ಉಣ್ಣಿ ಟೈಫಸ್ ಅಂತ ಸಂಶಯ ಬಂದ್ರ ಡಾಕ್ಟರ್ ರಿಪೋರ್ಟಿಗೆ ಕಾಯದೆ ಡಾಕ್ಸಿಸೈಕ್ಲಿನ್ ಶುರು ಮಾಡ್ತಾರ, ಅಮಾಕ್ಸಿಸಿಲಿನ್ ಇದಕ್ಕ ನಡಿಯಂಗಿಲ್ಲ. ಬಸುರಿ ಹೆಣ್ಮಗಳು, ಸಣ್ಣ ಮಕ್ಕಳು ಇದ್ರ ಅದನ್ನೂ ಹೇಳ್ರಿ, ಔಷಧದ ಲೆಕ್ಕ ಬದಲಾಗ್ತದ.

ಎಲ್ಲಾ ಉಣ್ಣಿ ಜರಕ್ಕೂ ಡಾಕ್ಸಿ ಅಂತನೂ ಅಲ್ಲ. ಶಿವಮೊಗ್ಗ ಕಡಿ 1957ರಾಗ ಕಂಡ ಮಂಗನ ಕಾಯಿಲೆ, ಗುಜರಾತಿನ್ಯಾಗ 2011ರಾಗ ಕಂಡ ಕಾಂಗೋ ಜರ, ಎರಡೂ ಉಣ್ಣಿಯಿಂದಲೇ, ಆದ್ರ ಎರಡೂ ವೈರಸ್, ಆ್ಯಂಟಿಬಯೋಟಿಕ್ ಮುಟ್ಟಂಗಿಲ್ಲ. ಮಲೆನಾಡಿಗೆ ಅಡಕಿ ಕೆಲಸಕ್ಕ ಹೋಗಿ ಬಂದವರಿಗೆ ಜರ ಬಂದ್ರ ಎಲ್ಲಿ ಹೋಗಿದ್ರು ಅನ್ನೋದು ಹೇಳಲೇಬೇಕು. ವಸಡಿನಿಂದ ರಕ್ತ, ಮಾತು ತಪ್ಪೋದು, ಉಚ್ಚಿ ಕಡಿಮಿ, ಉಸಿರಿಗೆ ತ್ರಾಸು, ಇದರಾಗ ಒಂದು ಕಂಡ್ರೂ ಊರ ಕ್ಲಿನಿಕ್ ಬಿಟ್ಟು ಸೀದಾ ಜಿಲ್ಲಾ ಆಸ್ಪತ್ರಿ. ಮತ್ತ ದನಕ್ಕ ತಂದ ಟೆಟ್ರಾಸೈಕ್ಲಿನ್ ಬಾಟ್ಲಿ ಮನುಷ್ಯಾಗ ಹಾಕಬ್ಯಾಡ್ರಿ, ಅದು ದನದ ತೂಕಕ್ಕ ಮಾಡಿದ್ದು.